ಚರ್ಚಿನೊಳಗೆ ಒಲೆ ಹೊತ್ತಿಸಿದವಳು

ರೋಣ

ಗಜೇಂದ್ರಗಡದ ದಾವಲಸಾಬ್ ಗೌಂಡಿ ನಮ್ಮ ಮನೆಗೆ ಬಂದರೆ, ಕೂಡುವ ಮೊದಲು ಗೋಡೆಯನ್ನು ಒಮ್ಮೆ ಅಂಗೈಯಿಂದ ತಟ್ಟಿ ನೋಡುತ್ತಾರೆ. ದವಾಖಾನೆಯಲ್ಲಿ ಡಾಕ್ಟರು ಬೆನ್ನು ತಟ್ಟಿ ನೋಡಿದ ಹಾಗೆ. ಜೀವಮಾನವೆಲ್ಲ ಕಲ್ಲು, ಮಣ್ಣು, ಸುಣ್ಣದ ಕೆಲಸ ಮಾಡಿದವರು. ಆ ದಿನ ಮಾತ್ರ ಗೋಡೆಯ ಕಡೆ ನೋಡಲೇ ಇಲ್ಲ. ಚಹಾದ ಕಪ್ಪು ಕೈಯಲ್ಲೇ ಆರಿಹೋಯಿತು.

"ಅಕ್ಕೋರ, ನಿಮ್ಮ ಕಡಿಂದ ಒಂದ್ ಕೆಲಸ ಆಗಬೇಕಾಗೇತ್ರಿ," ಅಂದರು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು. ನಾನು ಗಜೇಂದ್ರಗಡದ ಕನ್ನಡ ಸಾಲಿಯಲ್ಲಿದ್ದಾಗ ಅವರ ಮಗಳು ರುಬೀನಾ ನನ್ನ ಕೈಯಲ್ಲಿ ಅಕ್ಷರ ಕಲಿತವಳು. ಮಳೆಗಾಲದಲ್ಲಿ ಸಾಲಿಯ ಮಾಳಿಗೆ ಸೋರಿದರೆ ಉಳಿದ ಮಕ್ಕಳು ಬಕೆಟ್ ಹುಡುಕಲು ಓಡುತ್ತಿದ್ದರು. ಇವಳು ತಲೆ ಎತ್ತಿ, ನೀರು ಎಲ್ಲಿಂದ ಬರುತ್ತಿದೆ ಎಂದು ಬಾಯಿ ತೆರೆದು ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಎಂಜಿನಿಯರಿಂಗ್ ಓದಿದಳು. ಹಳೆಯ ಕಟ್ಟಡಗಳನ್ನು ಉಳಿಸುವ ವಿದ್ಯೆ ಕಲಿಯಲು ಬ್ರಿಟನ್ನಿಗೆ ಹೋದಳು. ಅಲ್ಲೇ ಕೆಲಸಕ್ಕೆ ನಿಂತಳು. ಅವಳ ಗಂಡ ಆಸಿಫ್ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ವೇಲ್ಸ್ ಎಂಬ ಸೀಮೆಯ ಒಂದು ಹಳ್ಳಿಯಲ್ಲಿ, ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿದ್ದ ಚರ್ಚನ್ನು ಕೊಂಡು ಅದನ್ನು ತಮ್ಮ ಮನೆ ಮಾಡಿಕೊಂಡಿದ್ದಾರೆ ಎಂಬ ಸುದ್ದಿ ನನಗೆ ಗೊತ್ತಿತ್ತು. ಫೋಟೋ ನೋಡಿ ಹಿಗ್ಗಿದ್ದೆ ಕೂಡ.

ತಂದೆ ಹಿಗ್ಗಿರಲಿಲ್ಲ.

"ಗುಡಿಯಾಗ್ಲಿ, ಮಸೂತಿಯಾಗ್ಲಿ, ಚರ್ಚಾಗ್ಲಿ, ದೇವರ ಹೆಸರಿನ್ಯಾಗ ಎಬ್ಬಿಸಿದ ಗ್ವಾಡಿ ಅವು. ಅದರಾಗ ಹಾಸಿಗಿ ಹಾಸೂದು, ಸಾರು ಕುದಿಸೂದು... ಅಲ್ಲಿ ಮಂದಿ ಮನಸಿನ್ಯಾಗ ಏನಂತಾರೋ ಏನೋ. ಪರದೇಶದಾಗ ನಮ್ಮ ಹುಡುಗಿ ಇನ್ನೊಬ್ಬರ ದೇವರ ಮನಿಗೆ ಕೈ ಹಚ್ಯಾಳ ಅಂತ ನಂಗ ನಿದ್ದಿ ಹತ್ತವಲ್ದ್ರಿ."

"ರುಬೀನಾ ಏನಂತಾಳ?"

"ಆಕಿ ಅಂತಾಳ, 'ಅಬ್ಬಾ, ಹಂಗ ಬಿಟ್ಟಿದ್ರ ಬಿದ್ದ ಹೋಗ್ತಿತ್ತು' ಅಂತ. ಇರಬಹುದ್ರಿ. ಆದ್ರ ಕಣ್ಣಿಲೆ ನೋಡಿದವರು ಯಾರು?"

ಅವರ ಮೊಣಕಾಲು ವಿಮಾನದ ಪ್ರಯಾಣ ತಡೆಯುವಂತಿರಲಿಲ್ಲ. ಹೆಂಡತಿ ಶಂಶಾದ್‌ಬಿ ಹೊರಟಿದ್ದಳು, ಆದರೆ ಆಕೆಗೆ ಇಂಗ್ಲಿಷ್ ಬಾರದು, ಒಬ್ಬಳೇ ಹುಬ್ಬಳ್ಳಿಗೆ ಹೋದವಳೂ ಅಲ್ಲ. "ನೀವು ಆಕಿ ಜೋಡಿ ಹೋಗ್ರಿ. ನೋಡಿ ಬಂದು ಖರೇ ಹೇಳ್ರಿ. ಚಲೋ ಅಂದ್ರ ಚಲೋ. ಇಲ್ಲಂದ್ರ ಇಲ್ಲ."

ನಿವೃತ್ತಿಯಾದ ಮೇಲೆ ನನ್ನನ್ನು ಪರೀಕ್ಷಕಿಯಾಗಿ ಯಾರೂ ಕರೆದಿರಲಿಲ್ಲ. ಹೂಂ ಅಂದೆ.

ವಿಮಾನ ನಿಲ್ದಾಣ

ಬ್ರಿಟನ್ನಿನಲ್ಲಿ ವಿಮಾನ ಇಳಿದ ಕೂಡಲೇ ಶಂಶಾದ್‌ಬಿಯನ್ನು ತಡೆದು ನಿಲ್ಲಿಸಿದರು. ತಪ್ಪು ರೊಟ್ಟಿಯದು.

ಆಕೆಯ ಪೆಟ್ಟಿಗೆಯ ಒಂದು ಮಗ್ಗುಲಲ್ಲಿ ಕೌದಿ. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ತಾನೇ ಹೊಲಿದ ಹೊದಿಕೆ. ಇನ್ನೊಂದು ಮಗ್ಗುಲಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಕಟಕ್ ರೊಟ್ಟಿಯ ಗಂಟು. ತೆಳ್ಳಗೆ ಬಡಿದು ಒಣಗಿಸಿದ ಜೋಳದ ರೊಟ್ಟಿ ಯಂತ್ರದ ಪರದೆಯ ಮೇಲೆ ಹೇಗೆ ಕಂಡಿತೋ ಏನೋ! ತರುಣ ಅಧಿಕಾರಿಯೊಬ್ಬ ಕೈಗವಸು ಹಾಕಿಕೊಂಡು ಒಂದನ್ನು ಎತ್ತಿದ, ಬೆರಳಿನಿಂದ ಬಾರಿಸಿದ. ಟಣ್ ಅಂತು.

"ಇದು ತಟ್ಟೆಯೇ?" ಎಂದು ನನ್ನನ್ನು ಕೇಳಿದ.

"ಬ್ರೆಡ್," ಅಂದೆ.

ಅವನು ನಂಬಲಿಲ್ಲ. ಶಂಶಾದ್‌ಬಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಅವನ ಕೈಯಿಂದಲೇ ರೊಟ್ಟಿ ತೆಗೆದುಕೊಂಡು ಲಟ್ಟನೆ ಮುರಿದು, ಒಂದು ಚೂರು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದು ಚೂರು ಅವನ ಮುಂದೆ ಹಿಡಿದಳು. "ತಿನ್ನಪ್ಪಾ. ಹಲ್ಲು ಗಟ್ಟಿ ಅದಾವಿಲ್ಲ?"

ಅವನು ನಕ್ಕ, ತಿನ್ನಲಿಲ್ಲ. ಆದರೆ ಗಂಟನ್ನು ಮೊದಲಿನಂತೆಯೇ ಕಟ್ಟಿಕೊಡಲು ಹೋಗಿ ಗಂಟು ಹಾಕಲು ಬಾರದೆ ಒದ್ದಾಡಿದ. "ಪಾಪ, ಇವರ ಅವ್ವ ಬುತ್ತಿ ಕಟ್ಟೂದ ಕಲಿಸಿಲ್ರಿ," ಎಂದಳು ಶಂಶಾದ್‌ಬಿ. ಗುರೆಳ್ಳು ಚಟ್ನಿಯ ಕರಿ ಪುಡಿಯನ್ನು ಯಾರೂ ಕೇಳಲೇ ಇಲ್ಲ. ನಾನು ಹೆದರಿದ್ದು ಅದಕ್ಕೇ.

ಲಾನೂರು

ಊರಿನ ಹೆಸರನ್ನು ಪೂರ್ತಿ ಹೇಳಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ವೇಲ್ಸಿನ ಜನರಿಗೆ ಇಂಗ್ಲಿಷ್ ಅಲ್ಲದೆ ತಮ್ಮದೇ ಭಾಷೆಯಿದೆ. ಅದರಲ್ಲಿ ಒಂದು ಲಕಾರವಿದೆ. ನಾಲಿಗೆಯನ್ನು ಲ ಅನ್ನುವಂತೆ ಇಟ್ಟು, ಎರಡೂ ಪಕ್ಕದಿಂದ ಗಾಳಿ ಊದಬೇಕು. ಹಳಗನ್ನಡದಲ್ಲಿದ್ದ ಒಂದೆರಡು ಅಕ್ಷರಗಳನ್ನು ನಾವು ಕಳೆದುಕೊಂಡು ಕೂತಿದ್ದೇವೆ. ಇವರು ಇಷ್ಟು ಕಷ್ಟದ್ದನ್ನು ಬಿಡದೆ ಇಟ್ಟುಕೊಂಡಿದ್ದಾರಲ್ಲ ಎಂದು ಗೌರವ ಬಂತು. ರಸ್ತೆಯ ಫಲಕಗಳಲ್ಲೂ ಮೇಲೆ ಅವರ ಭಾಷೆ, ಕೆಳಗೆ ಇಂಗ್ಲಿಷ್. ಕನ್ನಡ ಕಲಿಸಿದವಳ ಕಣ್ಣಿಗೆ ಅದೇ ಮೊದಲು ಬಿತ್ತು. ಹೆಸರಿನ ಮೊದಲ ತುಂಡು 'ಲಾನ್' ಅಂದರೆ ಚರ್ಚು ಇರುವ ಜಾಗವಂತೆ. ನಮ್ಮ ಕಡೆ ಹೊಳೆಆಲೂರು ಇದ್ದ ಹಾಗೆ ಇದು ಲಾನೂರು ಎಂದು ನಾವಿಬ್ಬರೂ ತೀರ್ಮಾನಿಸಿಕೊಂಡೆವು.

ಬಾಗಿಲಲ್ಲಿ ರುಬೀನಾ ನಿಂತಿದ್ದಳು. ತಾಯಿಯನ್ನು ಅಪ್ಪಿಕೊಂಡು ಬಿಟ್ಟವಳು ನನ್ನ ಕಾಲು ಮುಟ್ಟಲು ಬಗ್ಗಿದಳು. "ಅಕ್ಕೋರ, ಒಳಗ ಬರ್ರಿ. ಮೊದಲ ಬೆಚ್ಚಗ ಕುಂದರ್ರಿ, ಆಮ್ಯಾಲ ಮಾರ್ಕ್ಸ್ ಹಾಕೀರಂತ." ನಾನು ಬಂದ ಕಾರಣ ಅವಳಿಗೆ ಗೊತ್ತಾಗಿಬಿಟ್ಟಿತ್ತು!

ಹೊರಗಿನಿಂದ ನೋಡಿದರೆ ಅದು ಚರ್ಚೇ. ಬೂದು ಕಲ್ಲಿನ ಗೋಡೆ, ಮೊನಚಾದ ಕಿಟಕಿಗಳು, ಒಂದು ಮೂಲೆಯಲ್ಲಿ ಚಿಕ್ಕ ಗೋಪುರ. ಒಳಗೆ ಹೋದಾಗ ಮಾತ್ರ ನಾನು ನಿಂತಲ್ಲೇ ನಿಂತೆ. ತಲೆಯ ಮೇಲೆ ಹಳೆಯ ಮರದ ತೊಲೆಗಳು ಹಡಗಿನ ಹೊಟ್ಟೆಯ ಹಾಗೆ ತೆರೆದುಕೊಂಡಿದ್ದವು. ಕೆಳಗೆ ಒಂದು ಕಡೆ ಅಡುಗೆಮನೆ, ನಡುವೆ ಉದ್ದನೆಯ ಮೇಜು, ಇನ್ನೊಂದು ಕಡೆ ಕಟ್ಟಿಗೆ ಉರಿಸುವ ಕಬ್ಬಿಣದ ಒಲೆ. ಹಿಂಭಾಗದಲ್ಲಿ ಮರದ ಕಂಬಗಳ ಮೇಲೆ ನಿಲ್ಲಿಸಿದ ಅಟ್ಟ. ಮಲಗುವ ಕೋಣೆಗಳು ಅಲ್ಲಿ. ಆ ಅಟ್ಟ ಮೂರೂ ಕಡೆ ಗೋಡೆಯಿಂದ ಒಂದು ಗೇಣು ದೂರವೇ ನಿಂತಿತ್ತು.

"ಇದ್ಯಾಕ ಗ್ವಾಡಿಗೆ ಹತ್ತಿಲ್ಲ?" ಎಂದಳು ತಾಯಿ.

"ಬೇಕಂತನ ಹಂಗ ಮಾಡೇನಿ ಅಮ್ಮಿ. ಹಳೇ ಗ್ವಾಡಿಗೆ ಒಂದ್ ಮೊಳಿ ಸೈತ ಹೊಡದಿಲ್ಲ. ನಾಳಿಗೆ ಊರ ಮಂದಿಗೆ ತಮ್ಮ ಚರ್ಚು ವಾಪಸ್ ಬೇಕನ್ನಿಸಿದ್ರ, ಈ ಅಟ್ಟ ಬಿಚ್ಚಿಕೊಂಡು ನಾವು ಹೋಗಬಹುದು. ಅದು ಹೆಂಗಿತ್ತೋ ಹಂಗ ಇರತೈತಿ."

ಇಷ್ಟು ಖರ್ಚು ಮಾಡಿ, ಕಷ್ಟಪಟ್ಟು ಮನೆ ಕಟ್ಟಿಕೊಂಡವರು ಬಿಚ್ಚಿಕೊಂಡು ಹೋಗುವ ಮಾತನ್ನು ಇಷ್ಟು ಹಗುರಾಗಿ ಆಡಿದ್ದನ್ನು ನಾನು ಕೇಳಿರಲಿಲ್ಲ.

ಅವಳು ಒಂದೊಂದಾಗಿ ತೋರಿಸಿದಳು. ಹಿಂದೆ ಯಾರೋ ಒಳಗೋಡೆಗೆಲ್ಲ ಸಿಮೆಂಟ್ ಬಳಿದಿದ್ದರಂತೆ. ಅದರಿಂದ ಗೋಡೆ ಬೆವತು, ಹಸಿಯಾಗಿ, ತೊಲೆಗಳ ತುದಿ ಕೊಳೆಯಲು ಹತ್ತಿತ್ತು. ಸಿಮೆಂಟನ್ನೆಲ್ಲ ಕೆತ್ತಿ ತೆಗೆದು ಸುಣ್ಣದ ಗಾರೆ ಮಾಡಿಸಿದ್ದಾಳೆ. "ಗ್ವಾಡಿ ಉಸಿರಾಡಬೇಕ್ರಿ ಅಕ್ಕೋರ." ಗಜೇಂದ್ರಗಡದಲ್ಲಿ ಹಳೆಯ ಕಲ್ಲಿನ ಮನೆಗಳಿಗೆ ಸಿಮೆಂಟ್ ಮೆತ್ತಿ, ಆಮೇಲೆ ಮಳೆಗಾಲದಲ್ಲಿ ಗೋಡೆ ಒರೆಸುತ್ತ ಕೂಡುವವರು ನನಗೆ ನೆನಪಾದರು. ನೆಲದ ಹಾಸುಗಲ್ಲುಗಳನ್ನು ಎತ್ತಿ, ಕೆಳಗೆ ಬಿಸಿನೀರಿನ ಕೊಳವೆ ಹಾಕಿ, ಮತ್ತೆ ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂಡಿಸಿದ್ದಾಳೆ. ಆ ನೀರಿಗೆ ಬೇಕಾದ ಬಿಸಿಯನ್ನು ಯಂತ್ರವೊಂದು ಪಕ್ಕದ ಹೊಲದ ನೆಲದಾಳದಿಂದ ಎಳೆದುಕೊಡುತ್ತದೆ. ರಸ್ತೆಗೆ ಕಾಣದ ಮಗ್ಗುಲಿನ ಛಾವಣಿಯ ಮೇಲೆ ಸೋಲಾರ್. ಮಳೆನೀರೆಲ್ಲ ನೆಲಮಾಳಿಗೆಯ ತೊಟ್ಟಿಗೆ. ತೊಲೆಗಳ ಮೇಲೆ, ಛಾವಣಿಯ ಪದರಿನಲ್ಲಿ ತುಂಬಿದ್ದು ಕುರಿಯ ಉಣ್ಣೆ.

"ಉಣ್ಣಿ?" ಶಂಶಾದ್‌ಬಿ ಕಣ್ಣರಳಿಸಿದಳು.

"ಹೂಂ ಅಮ್ಮಿ, ಮನಿಗೆ ಕಂಬಳಿ ಹೊಚ್ಚಿದಂಗ. ಇಲ್ಲಿ ಕುರಿಗೋಳು ಮಂದಿಗಿಂತ ಹೆಚ್ಚದಾವ. ಉಣ್ಣಿ ಕೇಳವರಿಲ್ಲ."

ಹಳೆಯ ಬೆಂಚುಗಳ ಮರವೇ ಮೇಜಾಗಿತ್ತು, ಅಟ್ಟದ ಮೆಟ್ಟಿಲಾಗಿತ್ತು. ಹೊರಗಿನಿಂದ ತಂದದ್ದು ಕಡಿಮೆ, ಇದ್ದದ್ದನ್ನೇ ಬಳಸಿದ್ದು ಹೆಚ್ಚು. ನಮ್ಮ ಅವ್ವಂದಿರು ಹರಿದ ಸೀರೆಯನ್ನು ಎಸೆಯದೆ ಕೌದಿ ಮಾಡಿದ ಜಾಣತನವೇ ಇದು ಎಂದು ನಾನು ಮನಸ್ಸಿನಲ್ಲೇ ಅರ್ಧ ಮಾರ್ಕ್ಸ್ ಹಾಕಿಬಿಟ್ಟೆ. ಉಳಿದರ್ಧ ಊರಿನವರ ಕೈಯಲ್ಲಿತ್ತು.

ಮೊದಲ ಬೆಳಗು

"ಯಾ ಅಲ್ಲಾ! ಅಕ್ಕೋರ, ಏಳ್ರಿ, ಮನಿ ಹಿಂದ ಖಬರಸ್ತಾನ ಐತಿ!"

ಅಡುಗೆಮನೆಯ ಪರದೆ ಸರಿಸಿದ್ದ ಶಂಶಾದ್‌ಬಿ ಗೋಡೆಗೆ ಒರಗಿ ನಿಂತಿದ್ದಳು. ನೋಡಿದರೆ ಕಿಟಕಿಯ ಹೊರಗೆ ಹಸಿರು ಹುಲ್ಲು, ಹುಲ್ಲಿನ ತುಂಬ ಸಮಾಧಿಯ ಕಲ್ಲುಗಳು. ರುಬೀನಾ ಚಹಾ ಸೋಸುತ್ತ ಹೇಳಿದಳು: ಚರ್ಚು ಮಾರಿದರೂ ಆ ಜಾಗ ಮಾರಿಲ್ಲ. ಊರಿನವರು ಯಾವಾಗ ಬೇಕಾದರೂ ಬರಬಹುದು. ಹುಲ್ಲು ಕತ್ತರಿಸಿ ಚೊಕ್ಕ ಇಡುವ ಕೆಲಸವನ್ನು ಮಾತ್ರ ಅವಳೇ ಕೇಳಿ ವಹಿಸಿಕೊಂಡಿದ್ದಾಳೆ.

"ನಿನಗ ಅಂಜಿಕಿ ಬರಂಗಿಲ್ಲ?"

"ಅವರ ಪಾಡಿಗೆ ಅವರು ಅದಾರ ಅಮ್ಮಿ. ಮಾತಾಡದ ನೆರಿಮನಿಯವರಂದ್ರ ಜೀವಂತ ಇರೂವವರ."

ಕೊನೆಯ ಮಾತಿನ ಅರ್ಥ ಅಷ್ಟು ಹೊತ್ತಿಗೇ ನಮ್ಮ ಕಣ್ಣಿಗೆ ಬಿತ್ತು. ನೀಲಿ ಕೋಟಿನ ಎತ್ತರದ ಮುದುಕಿಯೊಬ್ಬಳು ಪಕ್ಕದ ಗೇಟಿನಿಂದ ಬಂದು ಒಂದು ಸಮಾಧಿಯ ಮುಂದೆ ನಿಂತಳು. ಹೂವು ಇಟ್ಟಳು. ರುಬೀನಾ ಕಿಟಕಿಯಿಂದಲೇ ಕೈ ಎತ್ತಿದಳು. ಆಕೆ ಮನೆಯ ಕಡೆ ತಿರುಗಲೇ ಇಲ್ಲ. ಬಂದ ದಾರಿಯಲ್ಲೇ ಹೊರಟುಹೋದಳು.

ಎಲಿನ್ ಎಂದು ಆಕೆಯ ಹೆಸರು. ಬಾಗಿಲು ಮುಚ್ಚುವವರೆಗೂ ಈ ಚರ್ಚಿನಲ್ಲಿ ಹಾಡುಗಳಿಗೆ ಆರ್ಗನ್ ವಾದ್ಯ ಬಾರಿಸುತ್ತಿದ್ದವಳು. ಗಂಡ ಇಲ್ಲೇ ಮಣ್ಣಾಗಿದ್ದಾನೆ. ಮನೆ ಪಕ್ಕದ್ದೇ. ರುಬೀನಾ ಕೆಲಸ ಶುರು ಮಾಡಿದ ದಿನದಿಂದ ಒಂದು ಮಾತೂ ಆಡಿಲ್ಲ. ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. ಆಕೆ ಜಗಳವನ್ನೂ ಆಡಿಲ್ಲ. ಊರಿನ ಬೇರೆಯವರು ನಗುತ್ತಾರೆ, ಹವೆಯ ವಿಷಯ ಮಾತಾಡುತ್ತಾರೆ, ಆದರೆ ಎಲಿನ್ ಒಳಗೆ ಕಾಲಿಡದ ಮನೆಗೆ ಅವರೂ ಬಂದಿಲ್ಲ. ಒಮ್ಮೆ ಎಲ್ಲರನ್ನೂ ಚಹಾಕ್ಕೆ ಕರೆದಿದ್ದಳಂತೆ. ಮೇಜಿನ ತುಂಬ ತಿಂಡಿ ಇಟ್ಟುಕೊಂಡು ಅವಳೂ ಆಸಿಫನೂ ಸಂಜೆಯ ತನಕ ಬಾಗಿಲು ನೋಡುತ್ತ ಕೂತಿದ್ದರು.

ಇದನ್ನು ಅಬ್ಬಾನಿಗೆ ಅವಳು ಹೇಳಿರಲಿಲ್ಲ. ಗೋಡೆಯ ಹಸಿ ಆರಿಸಿದ್ದ ಹುಡುಗಿಗೆ ಇದೊಂದು ಮಾತ್ರ ಕೈಗೆ ಹತ್ತಿರಲಿಲ್ಲ. ದಾವಲಸಾಬರ ಸಂಕಟ ಸುಳ್ಳಲ್ಲ ಎಂದು ನನಗೆ ಆಗ ಅನ್ನಿಸಿತು.

ಶಂಶಾದ್‌ಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಂಬಾಗಿಲು ತೆಗೆದು ಹೊರಗೆ ಹೋದಳು. ಸಮಾಧಿಗಳ ಮುಂದೆ ನಿಂತು, ಊರ ಖಬರಸ್ತಾನದಲ್ಲಿ ಮಾಡುವ ಹಾಗೆ ಸಲಾಂ ಹೇಳಿ, ಎರಡೂ ಅಂಗೈ ಎತ್ತಿ ದುವಾ ಬೇಡಿಕೊಂಡಳು. ಆಮೇಲೆ ದಿನಾ ಬೆಳಿಗ್ಗೆ ಅದೇ ರೂಢಿಯಾಯಿತು. ಒಮ್ಮೆ ಗಾಳಿಗೆ ಉರುಳಿದ್ದ ಹೂದಾನಿಯನ್ನು ಎತ್ತಿ ನೆಟ್ಟಗೆ ಇಟ್ಟು, ಸುತ್ತ ನಾಲ್ಕು ಕಲ್ಲು ಒತ್ತಿಟ್ಟು ಬಂದಳು. ಅದು ಎಲಿನ್‌ಳ ಗಂಡನ ಸಮಾಧಿ ಎಂದು ಆಕೆಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಕಿಟಕಿಯ ಪರದೆ ಅಲುಗಿದ್ದನ್ನು ಮಾತ್ರ ನಾನು ನೋಡಿದೆ.

ಊರೊಳಗೆ

ಇಲ್ಲಿಯ ಜನ ಕ್ಷಮೆ ಕೇಳುವುದರಲ್ಲಿ ಬಹಳ ಧಾರಾಳಿಗಳು. ಅಂಗಡಿಯಲ್ಲಿ ನಾನೇ ಒಬ್ಬನ ಕಾಲು ತುಳಿದೆ. ಅವನೇ 'ಸಾರಿ' ಅಂದ. ನಾನೂ ಅಂದೆ. ಅವನು ಮತ್ತೆ ಅಂದ. ಯಾರು ಮೊದಲು ನಿಲ್ಲಿಸಬೇಕು ಎಂಬುದು ತಿಳಿಯದೆ ನಾನು ನಮಸ್ಕಾರ ಮಾಡಿ ಪಾರಾದೆ.

ಚಹಾ ಮಾತ್ರ ನಮ್ಮವರಂತೆಯೇ, ಹಾಲು ಹಾಕಿ, ದಿನಕ್ಕೆ ಎಷ್ಟು ಸಲವಾದರೂ. ಸಕ್ಕರೆ ಇಲ್ಲ. ನರಗುಂದದ ನನ್ನ ತಂಗಿಯ ಮನೆಯಲ್ಲಿ ಅಂಥ ಚಹಾ ಕೊಟ್ಟರೆ ಸಿಟ್ಟಾಗಿದ್ದಾರೆ ಎಂದೇ ಅರ್ಥ. ಬಸ್ಸಿಗೆ ಇಬ್ಬರೇ ಕಾಯುತ್ತಿದ್ದರೂ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲುತ್ತಾರೆ. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಜಾಗ ಹಿಡಿದು ಬೆಳೆದ ನನಗೆ ಅಷ್ಟು ಶಿಸ್ತು ತಡೆಯಲಾಗಲಿಲ್ಲ. ಶಂಶಾದ್‌ಬಿ ಮಾತ್ರ ಸಾಲಿನಲ್ಲಿ ನಿಂತವರಿಗೆಲ್ಲ "ಆರಾಮದೀರೇನ್ರಿ?" ಎಂದು ಕೇಳುತ್ತಿದ್ದಳು. ವಿಚಿತ್ರವೆಂದರೆ ಎಲ್ಲರೂ ಉತ್ತರ ಕೊಡುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಮಳೆಯ ಬಗ್ಗೆ ಹೇಳಿದರೆ, ಈಕೆ ಕನ್ನಡದಲ್ಲಿ ಹೌದೌದು ಅನ್ನುತ್ತಿದ್ದಳು. ಎರಡೂ ಒಂದೇ ವಿಷಯವೇ ಆಗಿರುತ್ತಿತ್ತು, ಏಕೆಂದರೆ ಅಲ್ಲಿ ಮಳೆ ಬಿಟ್ಟರೆ ಬೇರೆ ಸುದ್ದಿ ಇಲ್ಲ.

ಬಿರುಗಾಳಿಯ ದಿನ

ಡಿಸೆಂಬರಿನ ಆ ಮಧ್ಯಾಹ್ನ ಗಾಳಿ ಎದ್ದಿತು. ನಮ್ಮ ಮುಂಗಾರಿನ ಗಾಳಿಗೆ ಧೂಳಿನ ಬಣ್ಣವಿರುತ್ತದೆ, ಬರುವುದು ಕಾಣುತ್ತದೆ. ಇದಕ್ಕೆ ಬಣ್ಣವಿರಲಿಲ್ಲ, ಬರೀ ಸದ್ದು. ಎಲ್ಲೋ ಮರ ಬಿದ್ದು ತಂತಿ ಹರಿದು, ಇಡೀ ಊರಿನ ಕರೆಂಟ್ ಹೋಯಿತು. ಆ ನಾಡಿನಲ್ಲಿ ಚಳಿಗಾಲದ ಮಧ್ಯಾಹ್ನವೆಂದರೆ ಅರ್ಧ ಕತ್ತಲೆ. ಪಟ್ಟಣದ ರಸ್ತೆಯೂ ಮುಚ್ಚಿದ್ದರಿಂದ ಆಸಿಫ್ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು.

ಕರೆಂಟ್ ಹೋಗುವುದು ನಮಗೇನು ಹೊಸದೇ? ಆದರೆ ಅಲ್ಲಿ ಕರೆಂಟ್ ಹೋದರೆ ಒಲೆ ಹೋಯಿತು, ಬೆಚ್ಚಗಿರುವುದು ಹೋಯಿತು. ಹೊಸ ಮನೆಗಳ ತೆಳು ಗೋಡೆಗಳು ನೋಡನೋಡುತ್ತಲೇ ತಣ್ಣಗಾಗುತ್ತವೆ. ರುಬೀನಾಳ ಮನೆ ಮಾತ್ರ ಬೆಚ್ಚಗೇ ಇತ್ತು. ಸೋಲಾರ್ ಬ್ಯಾಟರಿ ಇತ್ತು, ನೆಲದ ಕಲ್ಲಿನಲ್ಲಿ ಕೂಡಿಟ್ಟ ಬಿಸಿ ಇತ್ತು, ಮೇಲೆ ಉಣ್ಣೆ ಇತ್ತು, ಕಟ್ಟಿಗೆಯ ಒಲೆ ಇತ್ತು.

ಅವಳು ಒಂದು ಕ್ಷಣ ನಿಂತು ಯೋಚಿಸಿದ್ದನ್ನು ನಾನು ನೋಡಿದೆ. ಆಮೇಲೆ ಬೇಡದ ದೀಪ, ಯಂತ್ರಗಳನ್ನೆಲ್ಲ ಆರಿಸಿದಳು. ಒಲೆಗೆ ಕಟ್ಟಿಗೆ ತುಂಬಿದಳು. ಎತ್ತರದ ಕಿಟಕಿಗಳಲ್ಲಿ ಮಾತ್ರ ಒಂದೊಂದು ದೀಪ ಇಟ್ಟಳು. ರೇನ್‌ಕೋಟ್ ಹಾಕಿಕೊಂಡು ಟಾರ್ಚ್ ಹಿಡಿದಳು.

"ಎಲ್ಲಿಗೆ?" ತಾಯಿ ದಾರಿಗೆ ಅಡ್ಡ ನಿಂತಳು.

"ಮನಿ ಮನಿಗೆ ಹೋಗಿ ಕರಕೊಂಡ್ ಬರ್ತೇನಿ ಅಮ್ಮಿ. ಸಣ್ಣ ಕೂಸುಗಳದಾವ, ಮುದುಕರದಾರ."

"ಆವತ್ತ ಚಹಾಕ್ಕ ಕರದ್ರ ಬರ್ಲಿಲ್ಲ ಅಂದಿ?"

"ಆವತ್ತ ನನಗ ಅವರು ಬೇಕಾಗಿದ್ರು. ಇವತ್ತ ಅವರಿಗೆ ಮನಿ ಬೇಕಾಗೇತಿ."

ಶಂಶಾದ್‌ಬಿ ದಾರಿ ಬಿಟ್ಟಳು. ಮಗಳ ಕಿವಿಗೆ ಸ್ಕಾರ್ಫ್ ಬಿಗಿಯಾಗಿ ಸುತ್ತಿದಳು, ಅಷ್ಟೆ.

ಮೊದಲು ಕೂಸನ್ನೆತ್ತಿಕೊಂಡ ಗಂಡಹೆಂಡತಿ ಬಂದರು. ಬಾಗಿಲಲ್ಲೇ 'ಸಾರಿ' ಅಂದರು. ಆಮೇಲೆ ಅಂಗಡಿಯವನು, ಅವನ ತಾಯಿ. ಇಬ್ಬರು ವಯಸ್ಸಾದ ಅಣ್ಣತಮ್ಮಂದಿರು, ಅವರ ನಾಯಿ. ಒಳಗೆ ಬಂದವರೆಲ್ಲ ಮೊದಲು ತಲೆಯೆತ್ತಿ ಛಾವಣಿ ನೋಡುತ್ತಿದ್ದರು, ಆಮೇಲೆ ಬಗ್ಗಿ ನೆಲ ಮುಟ್ಟಿ ನೋಡುತ್ತಿದ್ದರು. ಮಲಪ್ರಭೆ ಉಕ್ಕಿ ಹೊಳೆಆಲೂರಿನ ಮನೆಗಳಿಗೆ ನೀರು ನುಗ್ಗಿದಾಗ, ಸಾಲಿಯ ಕೋಣೆಗಳಲ್ಲಿ ಜನರನ್ನು ಇಳಿಸಿಕೊಂಡು ನಾವು ಅನ್ನ ಬೇಯಿಸಿದ್ದು ನೆನಪಾಯಿತು. ನಿರಾಶ್ರಿತರ ಮುಖ ಎಲ್ಲ ದೇಶದಲ್ಲೂ ಒಂದೇ. ಬೇಡಲು ನಾಚಿಕೆ, ಬಂದದ್ದಕ್ಕೆ ಸಮಾಧಾನ.

ಶಂಶಾದ್‌ಬಿ ಒಲೆಯ ಮೇಲೆ ಹೆಸರುಕಾಳಿನ ಸಾರಿಗೆ ಇಟ್ಟಳು. ಕಟಕ್ ರೊಟ್ಟಿಯ ಗಂಟು ಬಿಚ್ಚಿತು. ಅಣ್ಣತಮ್ಮಂದಿರಲ್ಲಿ ದೊಡ್ಡವನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನುವುದನ್ನು ಬಹಳ ಬೇಗ ಕಲಿತ. ಚಿಕ್ಕವನು ಗುರೆಳ್ಳು ಚಟ್ನಿ ನೆಕ್ಕಿ ಕಣ್ಣೀರು ಸುರಿಸಿ, ಇನ್ನಷ್ಟು ಹಾಕಿಸಿಕೊಂಡ.

ಎಲಿನ್ ಬಂದಿರಲಿಲ್ಲ. ರುಬೀನಾ ಬಾಗಿಲು ಬಡಿದಾಗ "ನಾನು ಚೆನ್ನಾಗಿಯೇ ಇದ್ದೇನೆ" ಎಂದು ಒಳಗಿನಿಂದಲೇ ಹೇಳಿದ್ದಳಂತೆ.

"ಬರ್ರಿ ಅಕ್ಕೋರ," ಎಂದು ಶಂಶಾದ್‌ಬಿ ಕೌದಿ ಎತ್ತಿಕೊಂಡಳು. ಗಾಳಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಪಕ್ಕದ ಮನೆಗೆ ಹೋದೆವು. ಬಹಳ ಹೊತ್ತು ಬಡಿದ ಮೇಲೆ ಬಾಗಿಲು ಒಂದಿಷ್ಟೇ ತೆರೆಯಿತು. ಕೋಟಿನ ಮೇಲೆ ಕೋಟು ಹಾಕಿಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು.

ನಾನು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಶಂಶಾದ್‌ಬಿ ಬಾಗಿಲು ತಳ್ಳಿ, ಕೌದಿಯನ್ನು ಆಕೆಯ ಹೆಗಲ ಮೇಲೆ ಹೊದಿಸಿಬಿಟ್ಟಳು. "ಬಾ ಯವ್ವಾ. ಥಂಡಿ ಭಾಳ ಐತಿ. ಸಿಟ್ಟು ಇದ್ರ ನಾಳಿ ಮಾಡಂತಿ."

ಎಲಿನ್ ನನ್ನ ಮುಖ ನೋಡಿದಳು. ನಾನು ಅನುವಾದ ಮಾಡಿದೆ, ಸಿಟ್ಟಿನ ಮಾತನ್ನೂ ಬಿಡದೆ. ಆಕೆಯ ಬಾಯಿಯ ಒಂದು ಕೊನೆ ಸ್ವಲ್ಪ ಮೇಲೆದ್ದಿತು. "ನನ್ನ ಗಂಡನ ಹೂದಾನಿ ಎತ್ತಿಟ್ಟವಳು ಇವಳೇ ಅಲ್ಲವೇ?" ಎಂದು ಕೇಳಿದಳು.

ಹೌದೆಂದೆ. ಆಕೆ ಬಾಗಿಲಿಗೆ ಕೀಲಿ ಹಾಕಿ ನಮ್ಮೊಡನೆ ಹೊರಟಳು.

ಚರ್ಚಿನ ದೊಡ್ಡ ಬಾಗಿಲಲ್ಲಿ ಎಲಿನ್ ನಿಂತಾಗ ಒಳಗಿದ್ದವರೆಲ್ಲ ಆ ಕಡೆ ತಿರುಗಿದರು. ರುಬೀನಾ ಕೈಯಲ್ಲಿ ಸೌಟು ಹಿಡಿದುಕೊಂಡೇ ಎದ್ದು ನಿಂತಳು. ಎಂಥೆಂಥ ಪರೀಕ್ಷೆ ಪಾಸು ಮಾಡಿದ ಹುಡುಗಿ! ಆ ಹೊತ್ತಿನಲ್ಲಿ ಅವಳ ಮುಖ ನಾಲ್ಕನೆಯ ಇಯತ್ತೆಯಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿಯದಾಗಿತ್ತು. ಮುದುಕಿ ಛಾವಣಿ ನೋಡಿದಳು, ಬಣ್ಣದ ಗಾಜಿನ ಕಿಟಕಿ ನೋಡಿದಳು, ಒಂದೊಂದೇ ಗೋಡೆ ನೋಡಿದಳು.

"ತೊಲೆಗಳನ್ನು ಮುಚ್ಚಿಬಿಟ್ಟಿರಬೇಕು ಅಂದುಕೊಂಡಿದ್ದೆ," ಎಂದಳು.

"ಇಲ್ಲ," ಅಂದಳು ರುಬೀನಾ. "ಅವುಗಳಿಗಾಗಿಯೇ ಇದನ್ನು ತೆಗೆದುಕೊಂಡೆ."

ಎಲಿನ್ ನಿಧಾನವಾಗಿ ನಡೆದು ಒಲೆಯ ಹತ್ತಿರ ಬಂದಳು. "ಇಲ್ಲೇ," ಎಂದಳು, "ಸರಿಯಾಗಿ ಈ ಒಲೆ ಇರುವ ಕಡೆಯೇ ನಿಂತು ನಾನು ಮದುವೆಯಾದೆ. ಫೆಬ್ರುವರಿ. ಹಲ್ಲು ಕಡಕಡ ಅನ್ನುತ್ತಿದ್ದವು, ಪ್ರತಿಜ್ಞೆಯ ಮಾತು ಹೇಳಲಿಕ್ಕೇ ಆಗಲಿಲ್ಲ. ಆಮೇಲೆ ಇಷ್ಟು ವರ್ಷ ಆರ್ಗನ್ ಬಾರಿಸಿದೆ, ಬೆರಳಿಲ್ಲದ ಕೈಗವಸು ಹಾಕಿಕೊಂಡು." ಕುರ್ಚಿಯಲ್ಲಿ ಕೂತಳು. ಕಾಲಿನ ಬೂಟು ಕಳಚಿ ಎರಡೂ ಪಾದ ಕಲ್ಲಿನ ಮೇಲಿಟ್ಟಳು. "ನನ್ನ ಜೀವಮಾನದಲ್ಲಿ ಈ ಕಟ್ಟಡದೊಳಗೆ ಬೆಚ್ಚಗೆ ಕೂತದ್ದು ಇದೇ ಮೊದಲು."

ಅಂಗಡಿಯವನು ಮೊದಲು ನಕ್ಕ. ಆಮೇಲೆ ಎಲ್ಲರೂ. ಎಲಿನ್‌ಳೂ ನಕ್ಕಳು. ರುಬೀನಾ ಮಾತ್ರ ಸೌಟು ಕೆಳಗಿಟ್ಟು, ಉಳ್ಳಾಗಡ್ಡಿ ಹೆಚ್ಚುವ ನೆವ ಮಾಡಿ, ನಮಗೆ ಬೆನ್ನು ತಿರುಗಿಸಿ ನಿಂತಳು.

ಭಾನುವಾರ

ಕರೆಂಟ್ ಬಂದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಪಾತ್ರೆ ಹಿಂದಿರುಗಿಸುವ ನೆಪ, ನಾಯಿ ಏನೋ ಬಿಟ್ಟುಹೋದ ನೆಪ. ಒಂದು ದಿನ ಎಲಿನ್ ಊರವರ ಪರವಾಗಿ ಒಂದು ಮಾತು ಕೇಳಿದಳು. ಕ್ರಿಸ್ಮಸ್ ಹತ್ತಿರ ಬಂದಿತ್ತು. ಚರ್ಚು ಮುಚ್ಚಿದಾಗಿನಿಂದ ಊರಲ್ಲಿ ಎಲ್ಲರೂ ಕೂಡಿ ಹಾಡಿಲ್ಲ. ಈ ಭಾನುವಾರ ಒಂದು ತಾಸು, ಈ ಛಾವಣಿಯ ಕೆಳಗೆ ಹಾಡಬಹುದೇ?

ಆಕೆ ಹೋದ ಮೇಲೆ ರುಬೀನಾ ತಾಯಿಯ ಮುಖ ನೋಡಿದಳು. "ಅಬ್ಬಾ ಏನಂತಾರೋ ಅಮ್ಮಿ?"

"ಅವರನ್ಯಾಕ ಕೇಳಬೇಕು? ಮನಿ ನಿಂದು. ಆದ್ರ ದೇವರ ಹೆಸರು ಹೇಳ್ತೇವಿ ಅಂದವರನ್ನ ಬ್ಯಾಡ ಅನ್ನೂದು ನಮ್ಮ ಮನಿತನದಾಗಿಲ್ಲ."

ನಾನು ತಲೆಯಾಡಿಸಿದೆ. ನಮ್ಮ ತಾಲೂಕಿನ ಹಳ್ಳಿಗಳಲ್ಲಿ ಒಂದೋ ಎರಡೋ ಮುಸ್ಲಿಂ ಮನೆ ಇರುವ ಕಡೆಯೂ, ಮೊಹರಂ ಬಂದರೆ ಇಡೀ ಊರು ಅಲಾಯಿ ದೇವರಿಗೆ ಸಕ್ಕರೆ ಓದಿಸಿ ಹರಕೆ ಒಪ್ಪಿಸುತ್ತದೆ. ಅಲಾಯಿ ಕುಣಿತಕ್ಕೆ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಧರ್ಮದವರೆಂದು ಹೇಳಲಾಗದು. ಅಲ್ಲಿಂದ ಬಂದವಳಿಗೆ ಇದು ಹೊಸದಾಗಿ ಕಲಿಯುವ ಪಾಠವಲ್ಲ.

ಆ ಭಾನುವಾರ ಮೆಟ್ಟಿಲ ಮೇಲೂ ಜನ ಕೂತಿದ್ದರು. ಆರ್ಗನ್ ಎಂದೋ ಬೇರೆ ಕಡೆಗೆ ಹೋಗಿತ್ತು, ಬರೀ ದನಿಗಳು. ಅವರು ತಮ್ಮ ಭಾಷೆಯಲ್ಲಿ ಹಾಡಿದರು. ಮಾತು ತಿಳಿಯದಿದ್ದರೂ ಮೈ ಜುಮ್ಮೆಂದಿತು. ಆ ಕಲ್ಲಿನ ಗೋಡೆಗಳು ಅದಕ್ಕಾಗಿಯೇ ಇದ್ದಂತೆ ದನಿಯನ್ನು ಹಿಡಿದು, ಎತ್ತಿ, ಮರಳಿ ಕೊಡುತ್ತಿದ್ದವು. ಮುಗಿದ ಮೇಲೆ ಎಲಿನ್ ಶಂಶಾದ್‌ಬಿಯ ಕಡೆ ತಿರುಗಿ, ನೀವೂ ಒಂದು ಹಾಡಿ ಎಂದಳು. ಕ್ರಿಸ್ಮಸ್ ಕೂಸು ಹುಟ್ಟಿದ ಹಬ್ಬವೆಂದು ನಾನು ಆಕೆಗೆ ತಿಳಿಸಿದೆ. "ಹಂಗಾದ್ರ ಜೋಗುಳ ಹಾಡ್ತೇನಿ," ಎಂದು ಆಕೆ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಟ್ಟಿಲು ತೂಗುವಂತೆ ಕೈ ಆಡಿಸುತ್ತ, ರುಬೀನಾಳನ್ನು ಮಲಗಿಸಲು ಹಾಡುತ್ತಿದ್ದ ಕನ್ನಡದ ಪದ ತೆಗೆದಳು. ಬಿರುಗಾಳಿಯ ದಿನ ಬಂದಿದ್ದ ಆ ಕೂಸು ನಿಜಕ್ಕೂ ನಿದ್ದೆ ಹೋಯಿತು.

ಮರುದಿನ ವಿಡಿಯೋ ಕಾಲ್‌ನಲ್ಲಿ ದಾವಲಸಾಬರಿಗೆ ನಾನು ವರದಿ ಒಪ್ಪಿಸಿದೆ. ಬಿರುಗಾಳಿ, ಸಾರು, ಹಾಡು, ಎಲ್ಲ.

"ಗ್ವಾಡಿ ತೋರ್ಸ್ರಿ," ಎಂದರು ಅವರು.

ಫೋನನ್ನು ಗೋಡೆಯ ಹತ್ತಿರ ಹಿಡಿದೆ. ಪರದೆಯ ಮೇಲೆ ಅವರ ಕಣ್ಣು ದೊಡ್ಡದಾಯಿತು.

"ಚಲೋ ಅಂತೀರೇನ್ರಿ ಅಕ್ಕೋರ?"

"ಭಾಳ ಚಲೋರಿ. ಖರೇನ ಹೇಳಾಕತ್ತೇನಿ. ಬಿದ್ದು ಹೋಗೂವ ಒಂದು ದೇವರ ಮನಿನ ನಿಮ್ಮ ಮಗಳು ನಿಲ್ಲಿಸ್ಯಾಳ."

"ನನ್ನ ಕೈಲೆ ಅಂಥಾ ಗಾರೆ ಆಗ್ತಿದ್ದಿಲ್ಲ ಬಿಡ್ರಿ," ಅಂದರು. ಗೌಂಡಿಯ ಬಾಯಿಂದ ಆ ಮಾತು ನಾನು ಮೊದಲ ಸಲ ಕೇಳಿದ್ದು.

ಹೊರಡುವ ದಿನ

ಟ್ಯಾಕ್ಸಿ ಬಂದು ನಿಂತಿತ್ತು. ಎಲಿನ್ ನೀಲಿ ಕೋಟು ಹಾಕಿಕೊಂಡು ಬಂದಳು. ಶಂಶಾದ್‌ಬಿಯನ್ನು ಅಪ್ಪಿಕೊಂಡಳು. ಆಮೇಲೆ ಕೋಟಿನ ಕಿಸೆಯಿಂದ ಒಂದು ಕಬ್ಬಿಣದ ಕೀಲಿ ತೆಗೆದಳು. ಗೇಣುದ್ದ, ನಮ್ಮ ಹಳೆಯ ವಾಡೆಗಳ ಹೆಬ್ಬಾಗಿಲ ಕೀಲಿಯ ಹಾಗೆ ಭಾರ.

"ಚರ್ಚು ಮಾರಿದಾಗ ಎಲ್ಲ ಕೀಲಿ ಒಪ್ಪಿಸಬೇಕಿತ್ತು," ಎಂದಳು ರುಬೀನಾಳಿಗೆ. "ಇದೊಂದನ್ನು ನಾನು ಕೊಡಲಿಲ್ಲ. ತಗೋ. ದೊಡ್ಡ ಬಾಗಿಲಿನದು."

ಆ ಬಾಗಿಲಿಗೆ ಕೀಲಿಯೇ ಸಿಗದೆ ರುಬೀನಾ ಇಷ್ಟು ದಿನ ಒಳಗಿನ ಅಗಳಿ ಹಾಕಿಕೊಂಡು ನಡೆಸಿದ್ದಳು. ಅವಳು ಎರಡೂ ಕೈಯಿಂದ ಕೀಲಿ ತಿರುಗಿಸಿದಳು. ಹಳೆಯ ಬೀಗ ಒಮ್ಮೆ ನರಳಿ ತಿರುಗಿತು. ತೆರೆದಳು, ಹಾಕಿದಳು, ಮತ್ತೆ ತೆರೆದಳು. ಆಮೇಲೆ ಕೀಲಿಯನ್ನು ಹೊರತೆಗೆದು ಎಲಿನ್‌ಳ ಅಂಗೈಯಲ್ಲೇ ಇಟ್ಟು, ಆ ಸುಕ್ಕು ಬೆರಳುಗಳನ್ನು ಮಡಚಿದಳು.

"ಇದು ನಿಮ್ಮ ಹತ್ತಿರವೇ ಇರಲಿ. ನಾನು ಮನೆಯಲ್ಲಿ ಇರಲಿ, ಇಲ್ಲದಿರಲಿ, ಚಳಿಯಾದರೆ ಒಳಗೆ ಬಂದು ಕೂತುಕೊಳ್ಳಿ."

ಎಲಿನ್ ಕೀಲಿಯನ್ನು ಎದೆಗೆ ಒತ್ತಿಕೊಂಡು ನಿಂತಳು.

"ಏನಂದ್ಲು, ಏನಂದ್ಲು ನಮ್ಮ ಹುಡುಗಿ?" ಎಂದು ಶಂಶಾದ್‌ಬಿ ನನ್ನ ತೋಳು ಜಗ್ಗಿದಳು. ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಸುಮ್ಮನೆ ಟ್ಯಾಕ್ಸಿ ಹತ್ತಿದಳು. ಕಾರು ಹೊರಟ ಮೇಲೆ ಮುಂದೆ ಬಗ್ಗಿ ಡ್ರೈವರನ ಭುಜ ತಟ್ಟಿ, ಹಿಂದಕ್ಕೆ ಬೊಟ್ಟು ಮಾಡಿದಳು.

"ನನ್ನ ಮಗಳ್ರೀ ಆಕಿ," ಎಂದಳು ಕನ್ನಡದಲ್ಲಿ.

ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ. ಆಕೆ ಇನ್ನೊಮ್ಮೆ ಹೇಳಿದಳು, ಇನ್ನಷ್ಟು ಗಟ್ಟಿಯಾಗಿ. ನಾನೂ ತಡೆದುಕೊಳ್ಳಲಿಲ್ಲ. "ಅಕ್ಷರ ಕಲಿಸಿದವಳು ನಾನು," ಎಂದು ಇಂಗ್ಲಿಷಿನಲ್ಲೇ ಹೇಳಿದೆ.

ಅವನು ಏನೂ ಕೇಳದೆ ಕಾರಿನ ವೇಗ ಇಳಿಸಿದ, ತಿರುವು ಬರುವ ತನಕ ನಾವಿಬ್ಬರೂ ಹಿಂದಿನ ಗಾಜಿನಿಂದ ನೋಡುತ್ತ ಕೂಡಲೆಂದು.